ಹಗುರ ಇದ್ದರೆ ಸಾಲದು, ಬಿಸಿ ಹಿಡೀಬೇಕು

ಎರಡು ವರ್ಷದ ಹಿಂದಿನ ಮಾತು. ಕಡ್ಲಿ ಹೂ ಮುಗಿಸಿ ಕಾಯಿ ಕಟ್ಟುವ ಹೊತ್ತು. ನಮ್ಮ ಹುನಗುಂದದ ಎರಿ ಹೊಲದಾಗ ಹಿಂಗಾರಿ ಕಡ್ಲಿ ಅಂದರೆ ವರ್ಷದ ಕೈಗಾಸು. ಬೆಳಿಗ್ಗೆ ಸಾಲು ಹಿಡಿದು ನೋಡಿದೆ, ಎಳೆ ಹಸಿರು ಹುಳ ಕಂಡವು. ಕಾಯಿಕೊರಕ ಸಣ್ಣದಿದ್ದಾಗ ಎಣ್ಣಿ ಹೊಡೆದರೆ ಸಾಯ್ತದೆ. ದಪ್ಪಾಗಿ ಕಾಯಿಯೊಳಗ ತಲಿ ಹಾಕಿತೆಂದರೆ ಯಾವ ಎಣ್ಣಿಗೂ ಜಗ್ಗುವುದಿಲ್ಲ. ಅವತ್ತೇ ಸಂಜೆ ಬ್ಯಾಟರಿ ಪಂಪು ಬೆನ್ನಿಗೆ ಹಾಕಿಕೊಂಡು ಹೊಲಕ್ಕೆ ಇಳಿದೆ. ಎರಡನೇ ಪಂಪು ಅರ್ಧ ಖಾಲಿ ಆಗಿತ್ತು, ಮಷೀನು ಗಪ್ ಆಯಿತು. ಬ್ಯಾಟರಿ ತುಂಬಿತ್ತು, ಸ್ವಿಚ್ಚು ಟಕ್ ಅಂತಿತ್ತು. ಮೋಟರು ಮಾತ್ರ ತಿರುಗಲಿಲ್ಲ.

ಮರುದಿನ ಪಂಪನ್ನು ಟಂಟಂ ಮೇಲೆ ಹಾಕಿಕೊಂಡು ಪ್ಯಾಟಿಗೆ ಹೋದೆ. ಅಂಗಡಿಯವರು ತಳದ ಮುಚ್ಚಳ ತೆಗೆದು ಒಮ್ಮೆ ಇಣುಕಿದರು. ‘ಮೋಟರ್ ಸುಟ್ಟೈತಿ, ಬದಲಿ ಮಾಡಬೇಕು’ ಅಂದರು. 850 ರೂಪಾಯಿ ಕೊಟ್ಟೆ. ಹಳೆ ಮೋಟರನ್ನು ಅಲ್ಲೇ ಬಿಡದೆ ಚೀಲದಾಗ ಹಾಕಿಕೊಂಡು ಬಂದದ್ದೊಂದೇ ನಾನು ಮಾಡಿದ ಶ್ಯಾಣ್ಯಾತನ. ಪಂಪು ಚಾಲೂ ಆಯಿತು. ಹೊಡೆಯಲು ಹತ್ತಿದೆ. ಮೂರನೇ ದಿನ ಮತ್ತೆ ಗಪ್.

ಅಷ್ಟರಲ್ಲಿ ನಮ್ಮ ಅಣ್ಣನ ಮಗ ಊರಿಗೆ ಬಂದಿದ್ದ. ಐ.ಟಿ.ಐ.ದಾಗ ಎಲೆಕ್ಟ್ರಿಷಿಯನ್ ಕಲಿತ ಹುಡುಗ. ‘ಕಾಕಾ, ನಾಕು ಸ್ಕ್ರೂ ಬಿಚ್ಚೂನು ತಗೋ’ ಅಂದ. ಬಿಚ್ಚಿ ತೋರಿಸಿದ. ಸ್ವಿಚ್ಚಿನ ಕಾಲಿಗೆ ಹಚ್ಚಿದ್ದ ಕೆಂಪು ವಾಯರು ಬೆಸುಗೆ ಬಿಟ್ಟು ಬರೀ ಆನಿಕೊಂಡು ನಿಂತಿತ್ತು. ಎಣ್ಣಿ ನೀರು ಇಳಿದು ತಾಮ್ರಕ್ಕೆ ಹಸಿರು ಕಿಲುಬು ಹತ್ತಿತ್ತು. ಅಂಗಡಿಯಲ್ಲಿ ಮೋಟರ್ ಬದಲಿಸುವಾಗ ವಾಯರು ಅಲುಗಾಡಿ ಮತ್ತೆ ತಾಕಿದೆ, ಹಂಗಾಗಿ ಎರಡು ದಿನ ನಡೆದಿದೆ. ಚೀಲದಾಗಿನ ಹಳೆ ಮೋಟರಿಗೆ ಬ್ಯಾಟರಿಯ ಎರಡು ವಾಯರು ಹಿಡಿದ. ಗರ್ ಅಂತ ತಿರುಗಿತು!

850 ರೂಪಾಯಿ ಹೋದದ್ದು ಒಂದು ಕಡೆ. ಹುಳ ಕಾಯಿಯೊಳಗ ಹೊಕ್ಕದ್ದು ಇನ್ನೊಂದು ಕಡೆ. ಎಷ್ಟು ಕಡ್ಲಿ ಹೋಯಿತು ಅಂತ ನಾನು ತೂಗಲಿಕ್ಕೆ ಹೋಗಿಲ್ಲ, ತೂಗಿದರೆ ಹೊಟ್ಟೆ ಉರಿಯೋದು. ಹದ ನೋಡಿ ಹರಗಬೇಕು, ಬೆದೆ ನೋಡಿ ಬಿತ್ತಬೇಕು ಅಂತ ಹಿರಿಯರು ಅಂದರು. ಹುಳ ನೋಡಿ ಹೊಡೀಬೇಕು ಅನ್ನೋದೂ ಅದರ ಜೋಡಿಯ ಮಾತೇ. ಆ ಹದ ತಪ್ಪಿದ್ದು ಗೋದಿಕಾಳಿನಷ್ಟು ಬೆಸುಗೆಯಿಂದ.

ಅಂಗಡಿಯವರನ್ನು ಬೈಯಲಿಕ್ಕೆ ಇದನ್ನು ಬರೆಯುತ್ತಿಲ್ಲ. ಅವರಿಗೆ ಸಾಮಾನು ಬದಲಿಸುವುದು ಸಲೀಸು, ತಪ್ಪು ಹುಡುಕುವುದು ತ್ರಾಸು. ತಪ್ಪು ನಮ್ಮದೂ ಇದೆ. ಯಂತ್ರ ಮನೆಗೆ ತಂದೆವು, ಅದಕ್ಕೆ ಬೇಕಾದ ಕೈ ಮಾತ್ರ ತರಲಿಲ್ಲ. ನನ್ನ ಅಭಿಪ್ರಾಯ ಇಷ್ಟೇ: ಕುಡುಗೋಲು, ಪಾನಾ, ಇಕ್ಕಳ ಇದ್ದಂತೆ ಬೆಸುಗೆ ಕಡ್ಡಿಯೂ ಒಕ್ಕಲಿಗನ ಮನೆಯ ಸಾಮಾನು ಆಗಬೇಕು. ಸೋಲ್ಡರಿಂಗ್ ಐರನ್ ಅಂತ ಅಂಗಡಿಯಲ್ಲಿ ಕೇಳುತ್ತಾರಲ್ಲ, ಅದೇ. ಯಾವುದು ಆರಿಸಬೇಕು ಅನ್ನೋದರಾಗ ನಾನು ಎರಡು ಸಲ ದುಡ್ಡು ಕಳಕೊಂಡು ಕಲಿತದ್ದನ್ನು ಇಲ್ಲಿ ಹೇಳ್ತೀನಿ.

ಕಲಾಯಿ ಕಲಿಸಿದ ಪಾಠ

ಸಣ್ಣವರಿದ್ದಾಗ ಊರಿಗೆ ಕಲಾಯಿಯವರು ಬರುತ್ತಿದ್ದರು. ಗಿಡದ ನೆರಳಾಗ ತಗ್ಗು ತೋಡಿ, ತಿದಿ ಹಚ್ಚಿ, ಹಿತ್ತಾಳಿ ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರ ಮುಟ್ಟಿಸಿ ಅರಳೆಯಿಂದ ಒರೆಸಿದರೆ ಪಾತ್ರೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ಬೆಸುಗೆಯ ಗುಟ್ಟು ಅಷ್ಟೂ ಅದರಾಗೇ ಇದೆ. ಮೊದಲು ಲೋಹ ಸ್ವಚ್ಛ ಆಗಬೇಕು, ಆಮೇಲೆ ಲೋಹವೇ ಕಾಯಬೇಕು. ಕಾದ ಲೋಹಕ್ಕೆ ತವರ ತಾನೇ ಹರಿಯುತ್ತದೆ. ತಣ್ಣನೆ ಲೋಹದ ಮೇಲೆ ಕರಗಿದ ತವರ ಸುರಿದರೆ ಗುಂಡು ಗುಂಡಾಗಿ ಉರುಳಿ ಬೀಳುತ್ತದೆ.

ನಾವು ಕೊಳ್ಳುವ ಬೆಸುಗೆ ತಂತಿಯಲ್ಲಿ 60 ಪಾಲು ತವರ, 40 ಪಾಲು ಸೀಸ ಇರುತ್ತದೆ. ಅದು 183 ಡಿಗ್ರಿಗೆ ಮೆತ್ತಗಾಗಿ 190ರ ಸುಮಾರಿಗೆ ಪೂರ್ತಿ ನೀರಾಗುತ್ತದೆ. ನವಸಾಗರದ ಕೆಲಸ ಮಾಡಲಿಕ್ಕೆ ತಂತಿಯ ಹೊಟ್ಟೆಯೊಳಗೇ ರಾಳ ತುಂಬಿರುತ್ತಾರೆ. ಸೀಸ ಇಲ್ಲದ ತಂತಿಯೂ ಈಗ ಸಿಗುತ್ತದೆ. ಅದು ಕರಗಲು 217 ಡಿಗ್ರಿ ದಾಟಬೇಕು, ಹೊಸದಾಗಿ ಕಲಿಯುವವರ ಕೈಗೆ ತುಸು ಮೊಂಡು. ಒಂದು ಎಚ್ಚರ: ಪಾತ್ರೆಗೆ, ಡಬ್ಬಿಗೆ ಬಳಸುವ ನವಸಾಗರವನ್ನಾಗಲೀ ಆಸಿಡ್ಡನ್ನಾಗಲೀ ವಾಯರಿಗೆ ಹಚ್ಚಬಾರದು. ಅವತ್ತು ಚೆಂದ ಹಿಡಿಯುತ್ತದೆ, ಆಮೇಲೆ ತಾಮ್ರವನ್ನು ತಿಂದು ಹಾಕುತ್ತದೆ.

ನಾಲ್ಕು ನಮೂನೆ ಕಡ್ಡಿಗಳು

ಒಂದು, ಮನೆ ಕರೆಂಟಿನ ಕಡ್ಡಿ. 230 ವೋಲ್ಟ್, 25 ವ್ಯಾಟ್. ಸೋಲ್ಡ್ರಾನ್ ಮುಂತಾದ ನಮ್ಮ ದೇಶದ ಹೆಸರಿನವೇ ಸಿಗುತ್ತವೆ. ಕೈಗೆ ಹಗುರ, ಬೆಲೆಯೂ ಹಗುರ. ಸ್ವಿಚ್ಚು, ಚಾರ್ಜರ್ ಸಾಕೆಟ್ಟು, ಟಾರ್ಚು, ಸೋಲಾರ್ ದೀಪದ ಸಣ್ಣ ವಾಯರು, ಇಷ್ಟಕ್ಕೆಲ್ಲ ಇದು ಸಾಕು. ಇದಕ್ಕೊಂದೇ ಕೊರತೆ. ಹೊಲದಾಗ ನಡೆಯೋದಿಲ್ಲ. ಪಂಪು ಕೈಕೊಡುವುದು ಹೊಲದಾಗೇ ಹೊರತು ಮನಿ ಪಡಸಾಲ್ಯಾಗ ಅಲ್ಲ.

ಎರಡು, ಯು.ಎಸ್.ಬಿ. ಕಡ್ಡಿ ಅಂತ ಮಾರುವ 5 ವೋಲ್ಟ್, 8 ವ್ಯಾಟಿನದು. ಪೆನ್ನಿನಷ್ಟು ಹಗುರ, ಅಂಗಿ ಕಿಸೆಯಾಗ ಕೂಡುತ್ತದೆ. ನಾನು ಮೊದಲು ಮೋಸ ಹೋದದ್ದು ಇದಕ್ಕೇ. ಕೂದಲೆಳೆ ವಾಯರಿದ್ದರೆ ಹಿಡಿಯುತ್ತದೆ. ಪಂಪಿನ ಬ್ಯಾಟರಿ ವಾಯರಿಗೆ ಮುಟ್ಟಿಸಿದರೆ ಅದರ ಬಿಸಿಯನ್ನು ವಾಯರೇ ಕುಡಿದುಬಿಡುತ್ತದೆ, ತವರ ಮುದ್ದೆಯಾಗಿ ನಿಲ್ಲುತ್ತದೆ. ಎಳಗರುವಿಗೆ ನೊಗ ಹೂಡಿದಂಗ.

ಮೂರು, ಗ್ಯಾಸಿನ ಕಡ್ಡಿ. ಸಿಗರೇಟ್ ಲೈಟರಿಗೆ ತುಂಬುವ ಬ್ಯೂಟೇನ್ ಗ್ಯಾಸನ್ನೇ ಇದಕ್ಕೂ ತುಂಬುವುದು. ಕರೆಂಟು ಬ್ಯಾಟರಿ ಯಾವುದೂ ಬೇಡ, ಬಿಸಿಯೂ ಜೋರು. ಕೆಲಸಕ್ಕೆ ಹೆಸರಿಡುವಂಗಿಲ್ಲ. ಆದರೆ ನಮ್ಮ ಸೀಮೆಗೆ ಇದು ಸರಿಯಲ್ಲ ಅನ್ನೋದು ನನ್ನ ಮಾತು. ಜೋಳದ ಕಣಿಕಿ ಒಣಗಿ ನಿಂತಾಗ, ಬಣವಿ ಒಟ್ಟಿದಾಗ, ಗಾಳಿ ಬೀಸುವಾಗ ಹೊಲದಾಗ ಉರಿಯುವ ಸಾಮಾನು ಹಿಡಿಯಬಾರದು. ಒಂದು ಬೆಸುಗೆಗೆ ಹೋಗಿ ಒಂದು ಬಣವಿ ಕಳಕೊಂಡರೆ ಯಾರಿಗೆ ಹೇಳೂದು? ಗ್ಯಾಸು ಮುಗಿದರೆ ಮತ್ತೆ ಪ್ಯಾಟಿಗೇ ಓಡಬೇಕು.

ನಾಲ್ಕು, 12 ವೋಲ್ಟಿನ ಕಡ್ಡಿ. ಇದರಾಗ ಎರಡು ಜಾತಿ. ಒಂದು ಸಾದಾ, ವಾಯರಿನ ತುದಿಗೆ ಎರಡು ಮೊಸಳೆ ಕ್ಲಿಪ್ಪು ಇರುತ್ತವೆ, ಬ್ಯಾಟರಿಗೆ ಕಚ್ಚಿಸಿದರೆ ಆಯಿತು. 30, 40 ವ್ಯಾಟಿನವು ಸಿಗುತ್ತವೆ. ಇನ್ನೊಂದು ಹೊಸ ತರದ್ದು, ಒಳಗ ಉಷ್ಣತೆ ಅಳೆದು ಹದ ಕಾಯುವ ಕಡ್ಡಿ. ಟಿಎಸ್100, ಪೈನ್‌ಸಿಲ್ ಅನ್ನೋ ಹೆಸರಿನವು ಈ ಜಾತಿಯವು. ತುದಿ ಬಿಟ್ಟು ತೂಕ 30 ಗ್ರಾಂ ಆಸುಪಾಸು. ಬೆಲೆ ಮಾತ್ರ ಸಾದಾ ಕಡ್ಡಿಯ ಹಲವು ಪಟ್ಟು.

ತೂಕದ ಲೆಕ್ಕ, ಬಿಸಿಯ ಲೆಕ್ಕ

ಹಳೇ ಕಾಲದ ಕಡ್ಡಿ ಯಾಕೆ ಭಾರ ಇತ್ತು? ತುದಿಯ ತಾಮ್ರದ ಗಟ್ಟಿಯೇ ಬಿಸಿಯ ಕಣಜ. ಕಾಯಲು ಹೊತ್ತು ಹಿಡಿಯುತ್ತಿತ್ತು, ಕಾದ ಮೇಲೆ ದಪ್ಪ ವಾಯರಿಗೂ ಬಿಸಿ ಕೊಡುತ್ತಿತ್ತು. ಹೊಸ ಕಡ್ಡಿಯಲ್ಲಿ ಕಾಯಿಸುವ ಸುರುಳಿ, ಅಳೆಯುವ ಕಣ್ಣು ಎರಡೂ ತುದಿಯೊಳಗೇ ಇವೆ. ಬಿಸಿ ಇಳಿದ ಕೂಡಲೆ ಮತ್ತೆ ತುಂಬಿಕೊಳ್ಳುತ್ತದೆ. ಹೀಗಾಗಿ ಹಗುರ ಇದ್ದೂ ಕೆಲಸ ಮಾಡುತ್ತದೆ. ಹಗುರ ಇದೆಯೋ ಭಾರ ಇದೆಯೋ ಅಂತ ನೋಡುವ ಮೊದಲು, ಎಷ್ಟು ವೋಲ್ಟಿಗೆ ಎಷ್ಟು ವ್ಯಾಟು ಅಂತ ಕೇಳಬೇಕು.

ಇಲ್ಲೇ ನನ್ನ ಎರಡನೇ ತಪ್ಪು. ಡಬ್ಬಿಯ ಮೇಲೆ 65 ವ್ಯಾಟ್ ಅಂತ ಬರೆದದ್ದು ನೋಡಿ ಹೊಸ ಜಾತಿಯದನ್ನು ತಂದೆ. ನಾನು ಏಳನೆತ್ತ ಕಲಿತವ. ಅಣ್ಣನ ಮಗ ಲೆಕ್ಕ ಬಿಡಿಸಿ ಹೇಳಿದ. ವೋಲ್ಟನ್ನು ವೋಲ್ಟಿನಿಂದ ಗುಣಿಸಿ, ತುದಿಯ ಓಮಿನಿಂದ ಭಾಗಿಸಬೇಕು. ತುದಿ 8 ಓಮಿನದಿದ್ದರೆ 12 ವೋಲ್ಟಿಗೆ 144 ಭಾಗ 8, ಅಂದರೆ 18 ವ್ಯಾಟ್. ಅದೇ 24 ವೋಲ್ಟಾದರೆ ನಾಲ್ಕು ಪಟ್ಟು. ಡಬ್ಬಿಯ ಮೇಲಿನ ಅಂಕಿ 24 ವೋಲ್ಟಿನದು. ನನ್ನ ಹತ್ತಿರ ಇರೋದು 12ರ ಬ್ಯಾಟರಿ. 18 ವ್ಯಾಟಿನಾಗ ಸ್ವಿಚ್ಚು, ಸಣ್ಣ ವಾಯರು ಆಗುತ್ತವೆ. ದಪ್ಪ ವಾಯರು ಆಗೋದಿಲ್ಲ. ಹಂಗಂತ ಎರಡು ಬ್ಯಾಟರಿ ಸಾಲಾಗಿ ಜೋಡಿಸಿ 24 ಮಾಡಲಿಕ್ಕೂ ಹೋಗಬೇಡಿರಿ. ತುಂಬಿದ ಬ್ಯಾಟರಿ ಒಂದೊಂದು 12.7 ವೋಲ್ಟ್ ಇರುತ್ತದೆ, ಎರಡು ಕೂಡಿದರೆ 25 ದಾಟಿತು. ಈ ಕಡ್ಡಿಗಳ ಮಿತಿ 24. ಸೋಲಾರ್ ಪ್ಯಾನಲ್ಲಿಗೆ ನೇರ ಹಚ್ಚುವುದೂ ಬೇಡ. 12 ವೋಲ್ಟಿನದು ಅಂತ ಹೇಳುವ ಪ್ಯಾನಲ್ಲೇ ಹೊರೆ ಇಲ್ಲದಾಗ 21-22 ವೋಲ್ಟ್ ತೋರಿಸುತ್ತದೆ, ದೊಡ್ಡ ಪ್ಯಾನಲ್ ಅದಕ್ಕೂ ಬಹಳ ಮೇಲೆ.

ಟೈಪ್-ಸಿ ವಾಯರಿನಿಂದ ನಡೆಯುವ ಕಡ್ಡಿ ಕೊಳ್ಳುವವರು ಇನ್ನೊಂದು ನೋಡಬೇಕು. ಸಾದಾ ಮೊಬೈಲ್ ಚಾರ್ಜರು 5 ವೋಲ್ಟ್ ಕೊಡುತ್ತದೆ, ಅದರಿಂದ ಇವು ಕಾಯುವುದಿಲ್ಲ. ಪಿ.ಡಿ. ಅಂತ ಬರೆದ ದೊಡ್ಡ ಚಾರ್ಜರೋ ಪವರ್ ಬ್ಯಾಂಕೋ ಬೇಕು. ಕಡ್ಡಿಯ ಬೆಲೆಗೆ ಅದರ ಬೆಲೆಯೂ ಸೇರಿತು.

ಈಗ ಸಾದಾ 12 ವೋಲ್ಟಿನ 40 ವ್ಯಾಟಿನ ಕಡ್ಡಿಯ ಲೆಕ್ಕ ನೋಡೋಣ. ಅದು ಎಳೆಯುವುದು 3.3 ಆಂಪಿಯರ್. ಬೆನ್ನಿನ ಪಂಪಿನ ಬ್ಯಾಟರಿ 12 ವೋಲ್ಟ್, 8 ಎ.ಎಚ್. ಅಂದರೆ 96 ವ್ಯಾಟ್-ತಾಸಿನ ಕಣಜ. ಹತ್ತು ನಿಮಿಷ ಕಡ್ಡಿ ಕಾಯಿಸಿದರೆ ಖರ್ಚು ಸುಮಾರು 7. ಹದಿನಾಲ್ಕರಾಗ ಒಂದು ಪಾಲಿಗಿಂತ ಕಡಿಮೆ! ಕೆಟ್ಟ ಪಂಪಿನ ಬ್ಯಾಟರಿಯೇ ಆ ಪಂಪನ್ನು ರಿಪೇರಿ ಮಾಡುವ ಕಡ್ಡಿಗೆ ಕೂಳು ಹಾಕುತ್ತದೆ. ಪಂಪಿನ ಬ್ಯಾಟರಿ ಸತ್ತಿದ್ದರೆ ಟ್ರ್ಯಾಕ್ಟರಿನದಿದೆ. ಹೊಲಕ್ಕೆ ಹೊತ್ತೊಯ್ಯುವುದು ಕಡ್ಡಿ, ಒಂದು ಗೇಣು ಬೆಸುಗೆ ತಂತಿ, ಚಾಕು, ಸ್ಕ್ರೂಡ್ರೈವರ್ ಇಷ್ಟೇ. ಎಲ್ಲವೂ ಬುತ್ತಿಗಂಟಿನಾಗ ಕೂಡುತ್ತವೆ.

ಆದ್ದರಿಂದ ನನ್ನ ಆಯ್ಕೆ ಹೀಗೆ. ಮನೆಗೊಂದು 25 ವ್ಯಾಟಿನ ಕರೆಂಟ್ ಕಡ್ಡಿ. ಹೊಲಕ್ಕೆ ಕ್ಲಿಪ್ಪಿನ 12 ವೋಲ್ಟಿನದು, 30ರಿಂದ 40 ವ್ಯಾಟಿನೊಳಗ. ಒಂದೇ ಕೊಳ್ಳುವ ಶಕ್ತಿ ಇದ್ದವರು 12 ವೋಲ್ಟಿನದನ್ನೇ ಕೊಳ್ಳಲಿ, ಅದು ಮನೆಯಾಗೂ ನಡೆಯುತ್ತದೆ. ಹದ ಕಾಯುವ ಹೊಸ ಕಡ್ಡಿ ಚೆಂದದ ಸಾಮಾನೇ, ಆದರೆ ದಿನಾ ಇದೇ ಕೆಲಸ ಮಾಡುವವನಿಗೆ ತಕ್ಕದ್ದು.

ಕೈಯಾಗ ಹಿಡಿದ ಮೇಲೆ

ಕೊಳ್ಳುವಾಗ ಹಿಡಿಕೆ ನೋಡಿರಿ. ಹಿಡಿಕೆ ಉದ್ದ ಇದ್ದು ತುದಿ ದೂರ ಇದ್ದರೆ ಕೈ ನಡುಗುತ್ತದೆ. ವಾಯರು ಮೆತ್ತಗಿರಬೇಕು, ಬಿರುಸು ವಾಯರು ಹಗುರ ಕಡ್ಡಿಯನ್ನು ತನ್ನ ಕಡೆ ಎಳೆಯುತ್ತದೆ. ತುದಿ ಬದಲಿಸಲು ಬರುತ್ತದೋ ಕೇಳಿರಿ. ಸೂಜಿ ಮೊನೆಗಿಂತ ಉಳಿಯಂಥ ಚಪ್ಪಟೆ ತುದಿ ನಮ್ಮ ಕೆಲಸಕ್ಕೆ ಒಳ್ಳೆಯದು, ಬಿಸಿ ಬೇಗ ದಾಟುತ್ತದೆ. ಬರೀ ತಾಮ್ರದ ತುದಿಯನ್ನು ಅರದಿಂದ ಉಜ್ಜಬಹುದು. ಬೆಳ್ಳಗೆ ಹೊಳೆಯುವ ಲೇಪದ ತುದಿಗೆ ಅರ ಮುಟ್ಟಿಸಬಾರದು, ಲೇಪ ಹೋದರೆ ತುದಿ ಹೋಯಿತು. ಕೆಲಸ ಮುಗಿದ ಮೇಲೆ ತುದಿಗೆ ತುಸು ತವರ ಹಚ್ಚಿಯೇ ಆರಿಸಬೇಕು.

ಕೆಲಸದ ಕ್ರಮ ಇಷ್ಟು. ಪಂಪು ತೊಳೆದು ಒರೆಸಿಕೊಳ್ಳಬೇಕು. ಎಣ್ಣಿ ಹತ್ತಿದ ವಾಯರು ಕಾಯಿಸಿದರೆ ಆ ಹೊಗೆ ಮೂಗಿಗೇ ಬರುತ್ತದೆ. ಬ್ಯಾಟರಿಯನ್ನು ಪಂಪಿನಿಂದ ಬಿಡಿಸಿ ಹೊರಗೆ ತೆಗೆದು, ಅದಕ್ಕೆ ಕಡ್ಡಿ ಹಚ್ಚಬೇಕು. ನಡುವೆ 5 ಆಂಪಿನ ಫ್ಯೂಸು ಇರಲಿ. ಕ್ಲಿಪ್ಪು ಒಂದಕ್ಕೊಂದು ತಾಕಿದರೆ ಫ್ಯೂಸು ಹೋಗುತ್ತದೆ, ಬ್ಯಾಟರಿ ಉಳಿಯುತ್ತದೆ. ಕಿಲುಬನ್ನು ಚಾಕುವಿನಿಂದ ಕೆರೆದು ಕೆಂಪು ತಾಮ್ರ ಕಾಣಿಸಬೇಕು. ಕಪ್ಪಾದ ತುದಿ ಕತ್ತರಿಸಿ ಹೊಸ ತುದಿ ಸುಲಿಯುವುದು ಇನ್ನೂ ಒಳ್ಳೆಯದು. ವಾಯರಿಗೊಮ್ಮೆ, ಸ್ವಿಚ್ಚಿನ ಕಾಲಿಗೊಮ್ಮೆ ಬೇರೆ ಬೇರೆ ತವರ ಹಚ್ಚಿ, ಆಮೇಲೆ ಎರಡನ್ನೂ ಕೂಡಿಸಿ ಕಾಯಿಸಬೇಕು. ತಂತಿಯನ್ನು ಕಡ್ಡಿಗೆ ಮುಟ್ಟಿಸದೆ ಕಾದ ತಾಮ್ರಕ್ಕೆ ಮುಟ್ಟಿಸಬೇಕು. ಎರಡು-ಮೂರು ಸೆಕೆಂಡಿನಾಗ ಹರಿಯುತ್ತದೆ. ಅದು ಆರುವ ತನಕ ಕೈ ಅಲುಗಿಸಬಾರದು, ಅಲುಗಿದರೆ ಮೇಲೆ ಹಿಡಿದಂತೆ ಕಂಡರೂ ಒಳಗೆ ಹುಸಿ. ಗಾಳಿ ಜೋರಿದ್ದರೆ ಒಡ್ಡಿನ ಮರೆಗೆ ಕೂತು ಮಾಡಬೇಕು.

ಎಲ್ಲಕ್ಕೂ ಬೆಸುಗೆ ಅಂತ ಹೋಗಬಾರದು. ಅಲ್ಯೂಮಿನಿಯಂ ತಂತಿಗೆ ಈ ತವರ ಹಿಡಿಯುವುದಿಲ್ಲ. ಝಟಕಾ ಬೇಲಿಯ ತಂತಿಗೆ ಕ್ಲಾಂಪೇ ಸರಿ. ಟ್ರ್ಯಾಕ್ಟರ್ ಸದಾ ನಡುಗುವ ಯಂತ್ರ, ಬೆಸುಗೆ ಹೊಕ್ಕ ವಾಯರು ಕಡ್ಡಿಯಂತೆ ಬಿರುಸಾಗಿ ಅದರ ಅಂಚಿನಾಗೇ ಮುರಿಯುತ್ತದೆ, ಅಲ್ಲಿ ಲಗ್ಗು ಒತ್ತಿಸುವುದೇ ಲೇಸು. ಟಾರ್ಚಿನ, ಹೊಸ ಪಂಪಿನ ಲಿಥಿಯಂ ಸೆಲ್ಲಿನ ಮೈಗೆ ಬಿಸಿ ಕಡ್ಡಿ ಮುಟ್ಟಿಸಲೇಬಾರದು, ಬೆಂಕಿ ಹತ್ತುತ್ತದೆ. ಬ್ಯಾಟರಿ ಚಾರ್ಜಾಗುವಾಗ ಅದರ ಬಾಯಿಯಿಂದ ಹೊರಡುವ ಗ್ಯಾಸಿಗೂ ಕಿಡಿ ತಾಕಬಾರದು. ಕೆಲಸ ಮುಗಿದ ಮೇಲೆ ಸಬಕಾರ ಹಚ್ಚಿ ಕೈ ತೊಳೆದೇ ರೊಟ್ಟಿ ಮುರಿಯಬೇಕು. ಸೀಸ ಹೊಟ್ಟೆಗೆ ಹೋಗಬಾರದ ವಸ್ತು. ಸಣ್ಣ ಹುಡುಗರ ಕೈಗೆ ತಂತಿ ಕೊಡಬಾರದು.

ಮಷೀನಿಗೂ ಒಂದು ಆಯ ಬೇಕು

ಕೊನೆಗೆ ನನ್ನ ಮನಸಿನಾಗಿನ ಮಾತು. ನಮ್ಮ ಅಪ್ಪನ ಕಾಲಕ್ಕೆ ಕೂರಿಗಿ, ಕುಂಟಿ, ರಂಟಿ ಏನೇ ಮುರಿದರೂ ಬಡಿಗೇರ, ಕಮ್ಮಾರ ಊರಾಗೇ ಇದ್ದರು. ಸುಗ್ಗಿಯಾಗ ಕಣದಿಂದ ಅವರಿಗೆ ಆಯ ಹೋಗುತ್ತಿತ್ತು. ಕಾರಹುಣ್ಣಿವಿ ಬರುವುದರೊಳಗ ಸಾಮಾನೆಲ್ಲ ಸಜ್ಜಾಗುತ್ತಿದ್ದವು. ಈಗ ಕೂರಿಗಿ ಟ್ರ್ಯಾಕ್ಟರಿಗೆ ಬಂತು, ಪಂಪು ಬ್ಯಾಟರಿಗೆ ಬಂತು, ಹಂದಿ ಚಿಗರಿ ಕಾಯಲು ಝಟಕಾ ಮಷೀನು ಬಂತು. ಇವುಗಳ ಬಡಿಗೇರ ಮಾತ್ರ ಊರಾಗಿಲ್ಲ. ಕಲಿತ ಹುಡುಗ ಇದ್ದಾನೆ, ಅವನಿಗೆ ಊರು ಏನೂ ಕೊಡುವುದಿಲ್ಲ. ‘ಒಂದು ವಾಯರ್ ಹಚ್ಚಿದ್ದಕ್ಕ ರೊಕ್ಕ ಏನು ಕೇಳ್ತಿಯೋ’ ಅಂತ ನಾವೇ ನಗುತ್ತೇವೆ. ಅದೇ ಕೆಲಸಕ್ಕೆ ಪ್ಯಾಟಿಯಾಗ 850 ಎಣಿಸಿ ಬರುತ್ತೇವೆ. ನಮ್ಮ ಅಣ್ಣನ ಮಗನೂ ದುಡಿಯಲಿಕ್ಕೆ ದೂರ ಹೋದ. ಅವನು ಹೋದ ಮೇಲೆಯೇ ನಾನು ಈ ವಯಸ್ಸಿನಾಗ ಕಡ್ಡಿ ಹಿಡಿದದ್ದು.

ಸರ್ಕಾರದವರೂ ಈ ವಿಚಾರ ಎತ್ತಿದ್ದಾರೆ. 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗಾಗಿ ಸಮಿತಿ ಮಾಡಿತು. ಅದು ಆರಿಸಿಕೊಂಡ ನಾಲ್ಕು ವಿಭಾಗಗಳಲ್ಲಿ ಕೃಷಿ ಉಪಕರಣವೂ ಒಂದು. ಅಮೆರಿಕದ ಕೊಲೊರಾಡೊ ರಾಜ್ಯ 2023ರಲ್ಲಿ ಕಾನೂನೇ ಮಾಡಿ, 2024ರ ಜನವರಿ 1ರಿಂದ ಕೃಷಿ ಯಂತ್ರದ ಕಂಪನಿಗಳು ಬಿಡಿಭಾಗ, ಕೈಪಿಡಿ, ಸಾಫ್ಟ್‌ವೇರುಗಳನ್ನು ರೈತರಿಗೆ ಒದಗಿಸಬೇಕು ಎಂದಿತು. ಸಾವಿರ ಎಕರೆಯವರಿಗೇ ಈ ತ್ರಾಸು ಇದ್ದರೆ ನಾಲ್ಕೆಕರೆಯ ನಮ್ಮದೇನು? ಹಕ್ಕು ಬರಲಿ, ಬೇಕು. ಆದರೆ ಹಕ್ಕು ಕಾಗದದಾಗ ಇದ್ದು, ಕಡ್ಡಿ ಹಿಡಿಯುವ ಕೈ ಊರಾಗ ಇಲ್ಲದಿದ್ದರೆ ಹುಳ ಕಾಯುವುದಿಲ್ಲ.

ನಮ್ಮ ಓಣಿಯ ಐದು ಮನೆಯವರು ಈ ವರ್ಷ ಒಂದು ಕರಾರು ಮಾಡಿಕೊಂಡಿದ್ದೇವೆ. ಹೊಲದ ಕಡ್ಡಿ ಕೂಡಿ ಕೊಂಡದ್ದು, ನನ್ನ ಮನೆಯಾಗ ಇರುತ್ತದೆ. ಹತ್ತನೆತ್ತ ಮುಗಿಸಿದ ಓಣಿಯ ಹುಡುಗ ಒಬ್ಬ ನನ್ನ ಹತ್ತಿರ ಕಲಿಯುತ್ತಿದ್ದಾನೆ. ಮುಂಗಾರಿಗೊಮ್ಮೆ, ಹಿಂಗಾರಿಗೊಮ್ಮೆ ಐದೂ ಪಂಪು ಬಿಚ್ಚಿ ನೋಡುವುದು ಅವನ ಕೆಲಸ. ಸುಗ್ಗಿಯಾಗ ಮನೆಗೆ ಐದು ಸೇರು ಕಡ್ಲಿ ಅವನ ಆಯ. ಮೊನ್ನೆ ಬಿಚ್ಚಿದ ಐದರಾಗ ಎರಡರ ವಾಯರು ಬಿಡುವ ಹಂತಕ್ಕೆ ಬಂದಿದ್ದವು. ಹುಳ ಬರುವ ಮೊದಲೇ ಬೆಸುಗೆ ಆಯಿತು.

ನಿಮ್ಮ ಪಂಪಿನ ತಳದ ನಾಲ್ಕು ಸ್ಕ್ರೂ ಈ ವಾರ ಬಿಚ್ಚಿ ನೋಡಿರಿ. ಹಸಿರು ಕಿಲುಬು ಕಂಡರೆ ಈಗಲೇ ಕೆರೆದು ಬೆಸೆಯಿರಿ. ಇದಕ್ಕಿಂತ ಒಳ್ಳೆ ಕಡ್ಡಿ, ಸಲೀಸು ದಾರಿ ಕಂಡವರಿದ್ದರೆ ಪತ್ರಿಕೆಗೆ ಬರೆಯಿರಿ, ನಾನೂ ಕಲೀತೀನಿ.